715 ಕೋಟಿಯ ಭಾಗಾಕಾರ

ಭೋಪಾಲ್ ಅಂದ ಕೂಡಲೇ ಎಲ್ಲರಿಗೂ ನೆನಪಾಗುವುದು 1984ರ ಡಿಸೆಂಬರ್ 2ರ ಆ ರಾತ್ರಿ, ಯೂನಿಯನ್ ಕಾರ್ಬೈಡ್ ಕಾರ್ಖಾನೆಯಿಂದ ಸೋರಿದ ವಿಷಾನಿಲ. ನನಗೆ ಅದರ ಜೊತೆಗೆ ಒಂದು ಲೆಕ್ಕವೂ ನೆನಪಾಗುತ್ತದೆ. ಬ್ಯಾಂಕಿನವನ ಚಟ, ಏನು ಮಾಡೋಣ!

ಸರ್ಕಾರ ಸಂತ್ರಸ್ತರೆಲ್ಲರ ಪರವಾಗಿ ಕೇಳಿದ್ದು 330 ಕೋಟಿ ಡಾಲರ್. 1986ರ ಮೇನಲ್ಲಿ ನ್ಯೂಯಾರ್ಕಿನ ನ್ಯಾಯಾಲಯ ಇದು ಭಾರತದಲ್ಲೇ ನಡೆಯಬೇಕಾದ ಕೇಸು ಎಂದು ಕೈತೊಳೆದುಕೊಂಡಿತು. ಅದೇ ವರ್ಷದ ಡಿಸೆಂಬರಿನಲ್ಲಿ ದೆಹಲಿಯ ಶ್ರೀರಾಮ್ ಕಾರ್ಖಾನೆಯ ಅನಿಲ ಸೋರಿಕೆ ಕೇಸಿನಲ್ಲಿ ನಮ್ಮ ಸುಪ್ರೀಂ ಕೋರ್ಟು ಒಂದು ದೊಡ್ಡ ಮಾತು ಹೇಳಿತು: ಅಪಾಯಕಾರಿ ಉದ್ಯಮ ನಡೆಸುವವರು ತಪ್ಪಿರಲಿ ಬಿಡಲಿ ಪರಿಹಾರ ಕೊಡಲೇಬೇಕು, ಕಂಪನಿ ಎಷ್ಟು ದೊಡ್ಡದೋ ಪರಿಹಾರವೂ ಅಷ್ಟು ದೊಡ್ಡದಿರಬೇಕು. ಭೋಪಾಲಿಗೆ ಹೇಳಿ ಮಾಡಿಸಿದಂಥ ಮಾತು, ಅಲ್ಲವೇ?

ಆದರೆ ಆದದ್ದೇ ಬೇರೆ. 1989ರ ಫೆಬ್ರವರಿ 14ರಂದು ಅದೇ ಕೋರ್ಟು 47 ಕೋಟಿ ಡಾಲರಿಗೆ ರಾಜಿ ಆದೇಶ ಹೊರಡಿಸಿತು. ಕೇಳಿದ್ದರ ಏಳನೇ ಒಂದು ಭಾಗ! ಐವರ ಪೀಠದಲ್ಲಿ ಇಬ್ಬರು ನಮ್ಮ ಕರ್ನಾಟಕದವರು, ಇ.ಎಸ್. ವೆಂಕಟರಾಮಯ್ಯ ಮತ್ತು ಎಂ.ಎನ್. ವೆಂಕಟಾಚಲಯ್ಯ. ಇಬ್ಬರ ಬಗ್ಗೆಯೂ ನನಗೆ ಗೌರವವಿದೆ, ಆದರೂ ಈ ಆದೇಶ ಓದಿದಾಗಲೆಲ್ಲ ಕಸಿವಿಸಿಯಾಗುತ್ತದೆ. ಸುದ್ದಿ ಬಂದಾಗ ಕಾರ್ಬೈಡ್ ಷೇರಿನ ಬೆಲೆ ಏರಿತು. ಮಾರುಕಟ್ಟೆಗೆ ಲೆಕ್ಕ ಬೇಗ ಅರ್ಥವಾಗುತ್ತದೆ ನೋಡಿ.

ಆಗಿನ ದರದಲ್ಲಿ ಅದು ಸುಮಾರು 715 ಕೋಟಿ ರೂಪಾಯಿ. ರಾಜಿಯ ಅಂದಾಜು ಸುಮಾರು 3,000 ಸಾವು, ಒಂದು ಲಕ್ಷ ಚಿಲ್ಲರೆ ಗಾಯಾಳುಗಳು. ಸಂತ್ರಸ್ತರನ್ನು ಎಣಿಸಿ ಮುಗಿಸುವ ಮೊದಲೇ ಮೊತ್ತ ನಿಂತುಹೋಯಿತು. ಕೊನೆಗೆ ಪರಿಹಾರಕ್ಕೆ ಅರ್ಹರಾದವರು ಐದೂಮುಕ್ಕಾಲು ಲಕ್ಷದಷ್ಟು. ಭಾಗಿಸಿ ನೋಡಿ, ತಲೆಗೆ ಸುಮಾರು 12,500 ರೂಪಾಯಿ.

ಹಂಚಿದ್ದು ಇದಕ್ಕಿಂತ ಹೆಚ್ಚು, ಸುಳ್ಳು ಹೇಳಬಾರದು. ಹೆಚ್ಚಾದದ್ದು ಹೇಗೆ ಗೊತ್ತೇ? ಹಂಚಿಕೆ ಶುರುವಾದದ್ದು 1992ರಲ್ಲಿ. ಅದು ತೆವಳುತ್ತಿದ್ದಾಗ ಬಡ್ಡಿ ಬೆಳೆಯಿತು, ಡಾಲರಿನ ಎದುರು ರೂಪಾಯಿ ಕುಸಿಯಿತು. ಹಾಗೆ ಉಳಿದಿದ್ದ 1,503 ಕೋಟಿಯನ್ನು 2004ರಲ್ಲಿ ಕೋರ್ಟು ಅವರಿಗೇ ಹಂಚಿಸಿತು. ಕಾರ್ಬೈಡ್ ಅದಕ್ಕೆ ಒಂದು ಕಾಸೂ ಸೇರಿಸಲಿಲ್ಲ. ಬೆಳೆದದ್ದು ಆ ಬಡಪಾಯಿಗಳು ಕಾದ ವರ್ಷಗಳಿಂದ.

1991ರ ಮರುಪರಿಶೀಲನೆಯಲ್ಲಿ ಕೋರ್ಟು ಕ್ರಿಮಿನಲ್ ಕೇಸುಗಳಿಗೆ ಮತ್ತೆ ಜೀವ ಕೊಟ್ಟಿತು, ಮೊತ್ತವನ್ನು ಮಾತ್ರ ಮುಟ್ಟಲಿಲ್ಲ. ಕೊರತೆ ಬಿದ್ದರೆ ಭಾರತ ಸರ್ಕಾರ ತುಂಬಲಿ ಎಂದಿತು. ಅಂದರೆ ನೀವು, ನಾನು. 2010ರಲ್ಲಿ ಸರ್ಕಾರ ಕಂಪನಿಯಿಂದ ಇನ್ನೂ ಏಳು ಸಾವಿರ ಕೋಟಿಗೂ ಹೆಚ್ಚು ಕೇಳಿ ಕ್ಯುರೇಟಿವ್ ಅರ್ಜಿ ಹಾಕಿತು. 2023ರ ಮಾರ್ಚ್ 14ರಂದು ಅದು ವಜಾ ಆಯಿತು. ರಿಸರ್ವ್ ಬ್ಯಾಂಕಿನಲ್ಲಿ ಉಳಿದಿರುವ 50 ಕೋಟಿಯಿಂದ ಬಾಕಿ ಕ್ಲೇಮುಗಳನ್ನು ತೀರಿಸಿ ಎಂದು ಕೋರ್ಟು ಹೇಳಿತು.

ಕಾರ್ಖಾನೆಯ ಆವರಣದಲ್ಲಿ ಬಿದ್ದಿದ್ದ 337 ಟನ್ ವಿಷಕಸ ಪೀಥಂಪುರಕ್ಕೆ ಹೊರಟದ್ದು 2025ರ ಜನವರಿಯಲ್ಲಿ. ಸಾಗಿಸಿ ಸುಡುವ ಖರ್ಚೂ ಸರ್ಕಾರದ್ದೇ.