ಮೈಸೂರಿನ ಎಫ್‌ಎಂ, ನಮ್ಮ ಕಡೆಯ ಕಿವಿ

ಹೆಮ್ಮರಗಾಲಕ್ಕೆ ಹೊರಗಿನವರು ಬರುವುದು ಸಂತಾನ ವೇಣುಗೋಪಾಲಸ್ವಾಮಿಗೆ ಹರಕೆ ಹೊತ್ತು. ಆ ಊರವನಾದ ನಾನು ಹೊಟ್ಟೆಪಾಡು ಕಂಡುಕೊಂಡದ್ದು ನಂಜನಗೂಡಿನಲ್ಲಿ, ರೇಡಿಯೋ ರಿಪೇರಿಯಲ್ಲಿ. ನಮ್ಮ ಕಡೆಗೆ ಎಫ್‌ಎಂ ಬಂದದ್ದನ್ನು ಸೆಟ್ಟಿನ ಬೆನ್ನು ಬಿಚ್ಚಿಕೊಂಡು ಕೂತೇ ಕಂಡವನು.

ಖಾಸಗಿ ರೇಡಿಯೋ ಮೊನ್ನೆ ಮೊನ್ನೆಯದು ಎಂದು ಈಗಿನ ಹುಡುಗರು ತಿಳಿದಿದ್ದಾರೆ. ಮೈಸೂರಿನ ಮಟ್ಟಿಗೆ ಅದು 1935ರ ಮಾತು. ಮಹಾರಾಜ ಕಾಲೇಜಿನಲ್ಲಿ ಮನಶ್ಶಾಸ್ತ್ರ ಹೇಳುತ್ತಿದ್ದ ಡಾ. ಎಂ.ವಿ. ಗೋಪಾಲಸ್ವಾಮಿಯವರು ಆ ವರ್ಷ ಸೆಪ್ಟೆಂಬರ್ 10ರಂದು ತಮ್ಮ ಮನೆ 'ವಿಠಲ ವಿಹಾರ'ದಿಂದಲೇ 30 ವ್ಯಾಟಿನ ಟ್ರಾನ್ಸ್‌ಮೀಟರ್ ಇಟ್ಟುಕೊಂಡು ಪ್ರಸಾರ ಶುರುಮಾಡಿದರು. 30 ವ್ಯಾಟ್ ಅಂದರೆ ಒಂದು ಸಣ್ಣ ಬಲ್ಬು ಉರಿಯುವಷ್ಟು. ಮೊದಲ ದಿನ ಕುವೆಂಪು ಕವಿತೆ ಓದಿದರು. 'ಆಕಾಶವಾಣಿ' ಎಂಬ ಹೆಸರು ಹುಟ್ಟಿದ್ದೂ ಅಲ್ಲೇ. ಮುಂದೆ ಸಂಸ್ಥಾನದ ಸರ್ಕಾರ ಅದನ್ನು ವಹಿಸಿಕೊಂಡಿತು. 1955ರಲ್ಲಿ ನಿಲಯ ಬೆಂಗಳೂರಿಗೆ ಹೋಯಿತು. ಮೈಸೂರಿಗೆ ಮತ್ತೆ ತನ್ನದೊಂದು ನಿಲಯ ಸಿಕ್ಕಿದ್ದು 1974ರಲ್ಲಿ.

ಜಾಹೀರಾತಿನ ಮೇಲೆ ಬದುಕುವ ಎಫ್‌ಎಂ ರಾಜ್ಯದಲ್ಲಿ ಮೊದಲು ಕೇಳಿಸಿದ್ದು 2001ರ ಜುಲೈ 3ರಂದು, ಬೆಂಗಳೂರಿನ ರೇಡಿಯೋ ಸಿಟಿಯಿಂದ. ಆಗ ವರ್ಷ ವರ್ಷ ಶೇ. 15ರಷ್ಟು ಏರುವ ಪರವಾನಗಿ ಶುಲ್ಕ ಕಂಪನಿಗಳ ಬೆನ್ನು ಮುರಿಯಿತು. 2005ರ ನೀತಿ ಆದಾಯದ ಶೇ. 4ರ ಪಾಲಿಗೆ ಅದನ್ನು ಇಳಿಸಿದ ಮೇಲೆಯೇ ಬಿಗ್ ಎಫ್‌ಎಂನಂಥ ಖಾಸಗಿ ವಾಹಿನಿಗಳು ಮೈಸೂರಿನ ತನಕ ಬಂದದ್ದು.

ಆ ದಿನಗಳಲ್ಲಿ ನನ್ನ ಬೆಂಚಿನ ಮೇಲೆ ಜಾಗವೇ ಇರುತ್ತಿರಲಿಲ್ಲ. ಹಳ್ಳಿಯ ಹಳೇ ಮರ್ಫಿ, ಫಿಲಿಪ್ಸ್ ಸೆಟ್ಟುಗಳಲ್ಲಿ ಮೀಡಿಯಂ ವೇವು, ಶಾರ್ಟ್ ವೇವು ಎರಡೇ. "ಎಫ್‌ಎಂ ಹಾಕ್ಕೊಡಣ್ಣ" ಎಂದು ತಂದಿಡೋರು. ಅಂಗೈಗಿಂತ ಚಿಕ್ಕದೊಂದು ಎಫ್‌ಎಂ ಕಿಟ್ಟನ್ನು ಮರದ ಪೆಟ್ಟಿಗೆಯೊಳಗೆ ಕೂರಿಸಿ, ವಾಲ್ಯೂಮಿಗೆ ವೈರು ಬೆಸೆದು, ಆಮೇಲೆ ಕಾಯಿಲಿನ ಸುತ್ತುಗಳನ್ನು ಕೂದಲೆಳೆಯಷ್ಟು ಅಗಲಿಸುತ್ತಾ ಒತ್ತುತ್ತಾ ಸ್ಟೇಷನ್ ಹಿಡಿಯಬೇಕು. ಕಬ್ಬಿಣದ ಸ್ಕ್ರೂಡ್ರೈವರ್ ಹತ್ತಿರ ಬಂದರೂ ಸ್ಟೇಷನ್ ಜಾರುತ್ತದೆ. ಪ್ಲಾಸ್ಟಿಕ್ ಕಡ್ಡಿಯೇ ಆಗಬೇಕು. ಗೊರಗೊರ ನಿಂತು, ನಮ್ಮ ಮೈಸೂರಿನ ಮಾತಿನಲ್ಲೇ ಒಬ್ಬ ಹುಡುಗಿ ಹರಟೆ ಹೊಡೆಯುವುದು ಕೇಳಿದಾಗ ತಂದವರ ಮುಖ ಅರಳುತ್ತಿತ್ತು. ಆಮೇಲೆ ಮೊಬೈಲೊಳಗೇ ಎಫ್‌ಎಂ ಬಂತು, ಇಯರ್‌ಫೋನಿನ ವೈರೇ ಏರಿಯಲ್ ಆಯಿತು. ಕಿಟ್ಟಿನ ಕೆಲಸ ಮುಗಿಯಿತು.

ನನ್ನ ಕೊರಗು ಕೆಲಸ ಹೋದದ್ದಕ್ಕಲ್ಲ. ಪರವಾನಗಿ ಹರಾಜಾಗುವುದು ನಗರದ ಹೆಸರಿನಲ್ಲಿ. ಅಲೆ ಮಾತ್ರ ನಂಜನಗೂಡು, ತಿ. ನರಸೀಪುರ ಎಂದು ನೋಡದೆ ಹರಿದು ಬರುತ್ತದೆ. ಮೈಸೂರಿನ ಬಟ್ಟೆ ಅಂಗಡಿ, ಒಡವೆ ಅಂಗಡಿಯ ಜಾಹೀರಾತು ನಮಗೂ ಕೇಳುತ್ತದೆ, ಕೊಳ್ಳಲು ನಾವೂ ಬಸ್ಸು ಹತ್ತುತ್ತೇವೆ. ನಮ್ಮ ಊರುಗಳ ಸಂಗತಿಗೆ ಅಲ್ಲಿ ಸಿಗುವ ಹೊತ್ತು ಬಲು ಕಡಿಮೆ.

ಸ್ವಂತ ಸುದ್ದಿ ಓದಲು ಖಾಸಗಿ ಎಫ್‌ಎಂಗೆ ಅನುಮತಿ ಇಲ್ಲ ಎಂಬುದು ನಿಜ. ಆಕಾಶವಾಣಿಯ ವಾರ್ತೆಯನ್ನು ಇದ್ದಂತೆಯೇ ಬಿತ್ತರಿಸಬಹುದು, ಅಷ್ಟೆ. ಆದರೆ 2011ರ ನೀತಿಯಲ್ಲಿ ಹವಾಮಾನ, ನೀರು, ವಿದ್ಯುತ್ತು, ಪ್ರಕೃತಿ ವಿಕೋಪದ ಪ್ರಕಟಣೆಗಳು ಸುದ್ದಿಯ ಲೆಕ್ಕಕ್ಕೆ ಬರುವುದಿಲ್ಲ. 2019ರ ಆಗಸ್ಟಿನಲ್ಲಿ ಕಬಿನಿ ಅಣೆಕಟ್ಟೆಯಿಂದ ಬಿಟ್ಟ ನೀರಿಗೆ ಕಪಿಲಾ ನದಿ ಉಕ್ಕಿ ನಂಜನಗೂಡಿನ ಬೀದಿಗಳಿಗೆ ನುಗ್ಗಿದ್ದನ್ನು ಕಂಡವರಿಗೆ ಇಂಥ ಪ್ರಕಟಣೆಯ ಬೆಲೆ ಗೊತ್ತು. ಸ್ಟುಡಿಯೋದಲ್ಲಿ ಕೂತ ಮಕ್ಕಳೇ, ಮಳೆಗಾಲದಲ್ಲಿ ಕಬಿನಿಯಿಂದ ಎಷ್ಟು ಕ್ಯುಸೆಕ್ ಬಿಟ್ಟಿದ್ದಾರೆ ಎಂಬುದನ್ನು ಎರಡು ಹಾಡುಗಳ ನಡುವೆ ಹೇಳಿಬಿಡಿ.