ಹಳೆಯ ಪಿಕಪ್ ಜರ್ಕ್ ಹೊಡೆದು ಆಫ್ ಆಗುತ್ತಿದೆಯೇ? ದುಬಾರಿ ರಿಪೇರಿಗೆ ಮುನ್ನ ಈ ಕ್ರಮದಲ್ಲಿ ಪರೀಕ್ಷಿಸಿ

ಮುಂಬೈ: ಆಕ್ಸಿಲರೇಟರ್ ತುಳಿದರೂ ಗಾಡಿ ಎಳೆಯುವುದಿಲ್ಲ. ಎರಡು ಜರ್ಕ್ ಹೊಡೆದು ಸಿಗ್ನಲ್ ಹತ್ತಿರ ತಾನಾಗಿಯೇ ಆಫ್ ಆಗುತ್ತದೆ. ಐದು ನಿಮಿಷ ಬಿಟ್ಟು ಕೀ ತಿರುಗಿಸಿದರೆ ಏನೂ ಆಗಿಲ್ಲವೆಂಬಂತೆ ಸ್ಟಾರ್ಟ್ ಆಗುತ್ತದೆ. ಎರಡು ಲಕ್ಷ ಕಿ.ಮೀ. ದಾಟಿದ ಪಿಕಪ್ ಓಡಿಸುವವರಿಗೆ ಈ ತೊಂದರೆ ಹೊಸದಲ್ಲ. ಆದರೆ ಕಾರಣ ತಿಳಿಯದೆ ಒಂದರ ಹಿಂದೊಂದು ಬಿಡಿಭಾಗ ಬದಲಿಸುತ್ತಾ ಹೋದರೆ ತಿಂಗಳ ದುಡಿಮೆಯೆಲ್ಲ ಗ್ಯಾರೇಜ್ ಪಾಲಾಗುತ್ತದೆ.

ಎಂಜಿನ್ ಓಡಲು ಬೇಕಾಗಿರುವುದು ಗಾಳಿ, ಇಂಧನ, ಸರಿಯಾದ ಕಂಪ್ರೆಷನ್ ಮತ್ತು ಇವನ್ನು ನಿಯಂತ್ರಿಸುವ ವಿದ್ಯುತ್. ಖರ್ಚಿಲ್ಲದ ಪರೀಕ್ಷೆಯಿಂದ ಆರಂಭಿಸಿ ದುಬಾರಿ ಪರೀಕ್ಷೆಯತ್ತ ಸಾಗಿದರೆ ಹೆಚ್ಚಿನ ದೋಷಗಳು ಅರ್ಧ ದಾರಿಯಲ್ಲೇ ಸಿಗುತ್ತವೆ. ಅದು ಹೇಗೆ? ಇಲ್ಲಿದೆ ಸಂಪೂರ್ಣ ಮಾಹಿತಿ.

ದಹಿಸರ್ ಗಾಡಿಗಳಿಗೆ ಈ ಕಾಟ ಯಾಕೆ ಹೆಚ್ಚು?

ದಹಿಸರ್ ಮುಂಬೈ ಮಹಾನಗರದ ಉತ್ತರದ ಬಾಗಿಲು. ವೆಸ್ಟರ್ನ್ ಎಕ್ಸ್‌ಪ್ರೆಸ್ ಹೈವೇ ಇಲ್ಲಿನ ಚೆಕ್‌ನಾಕಾ ದಾಟಿ ಮೀರಾ ರೋಡ್, ವಸಯಿ ಕಡೆಗೆ ರಾಷ್ಟ್ರೀಯ ಹೆದ್ದಾರಿ 48 ಆಗಿ ಮುಂದುವರಿಯುತ್ತದೆ. ವಾಶಿಯ ಎಪಿಎಂಸಿ ಮಾರುಕಟ್ಟೆಯಿಂದ ತರಕಾರಿ ತರುವ, ಉಡುಪಿ ಹೋಟೆಲ್‌ಗಳಿಗೆ ದಿನಸಿ ಇಳಿಸುವ, ಮನೆ ಸಾಮಾನು ಸಾಗಿಸುವ ಪಿಕಪ್‌ಗಳು ಈ ದಾರಿಯಲ್ಲಿ ದಿನವೂ ಓಡುತ್ತವೆ. ಇವುಗಳಲ್ಲಿ ಹಳೆಯವು ಅಂಧೇರಿ ಆರ್‌ಟಿಒದ ಎಂಎಚ್-02 ನಂಬರಿನವು, ನಂತರದವು ಬೊರಿವಲಿಯ ಎಂಎಚ್-47 ನಂಬರಿನವು.

ಇಲ್ಲಿ ಗಾಡಿಗೆ ಮೂರು ಬಗೆಯ ಪೆಟ್ಟು. ಮೊದಲನೆಯದು ನಾಕಾ ಬಳಿಯ ನಿಂತು ಹೊರಡುವ ಟ್ರಾಫಿಕ್. ಎಂಜಿನ್ ಗಂಟೆಗಟ್ಟಲೆ ಐಡ್ಲಿಂಗ್‌ನಲ್ಲಿದ್ದರೆ ಇಜಿಆರ್ ವಾಲ್ವ್‌ನಲ್ಲಿ ಮಸಿ ಕಟ್ಟುತ್ತದೆ. ಎರಡನೆಯದು ಠಾಣೆ ಕಡೆಗೆ ಹೋಗುವ ಘೋಡ್‌ಬಂದರ್ ರಸ್ತೆಯ ಗಾಯಮುಖ ಘಾಟ್. ಲೋಡ್ ಹೊತ್ತು ಏರುವಾಗಲೇ ಡೀಸೆಲ್ ಕೊರತೆ ಬಯಲಾಗುತ್ತದೆ. ಮೂರನೆಯದು ಮಳೆ ಮತ್ತು ಖಾಡಿಯ ಉಪ್ಪು ಗಾಳಿ. ಮುಂಬೈನಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ವಾಡಿಕೆಯಂತೆ 2,000 ಮಿ.ಮೀ.ಗೂ ಹೆಚ್ಚು ಮಳೆ ಬೀಳುತ್ತದೆ. ಟ್ಯಾಂಕ್‌ಗೆ ತೇವ ಸೇರುವುದು, ಅರ್ಥ್ ವೈರ್ ತುಕ್ಕು ಹಿಡಿಯುವುದು ಇಲ್ಲಿ ಮಾಮೂಲು.

ಮೊದಲು ಲಕ್ಷಣ ಬರೆದಿಡಿ

ಸ್ಪ್ಯಾನರ್ ಹಿಡಿಯುವ ಮುನ್ನ ಪೆನ್ ಹಿಡಿಯಿರಿ. ಒಂದು ವಾರ ಈ ವಿವರಗಳನ್ನು ಗಮನಿಸಿ:

* ಎಂಜಿನ್ ತಣ್ಣಗಿದ್ದಾಗ ನಿಲ್ಲುತ್ತದೆಯೇ, ಬಿಸಿಯಾದ ಮೇಲೆ ನಿಲ್ಲುತ್ತದೆಯೇ?
* ಖಾಲಿ ಗಾಡಿಯಲ್ಲೂ ಜರ್ಕ್ ಇದೆಯೇ, ಲೋಡ್ ಇದ್ದಾಗ ಮಾತ್ರವೇ?
* ಟ್ಯಾಂಕ್‌ನಲ್ಲಿ ಡೀಸೆಲ್ ಕಡಿಮೆಯಾದಾಗ ಹೆಚ್ಚಾಗುತ್ತದೆಯೇ?
* ಕೀ ಆಫ್ ಮಾಡಿದಂತೆ ಥಟ್ಟನೆ ನಿಲ್ಲುತ್ತದೆಯೇ, ಜಗ್ಗುತ್ತಾ ಜಗ್ಗುತ್ತಾ ನಿಲ್ಲುತ್ತದೆಯೇ?

ಕೊನೆಯ ಪ್ರಶ್ನೆ ಬಹಳ ಮುಖ್ಯ. ಥಟ್ಟನೆ ನಿಂತರೆ ಮೊದಲ ಅನುಮಾನ ವಿದ್ಯುತ್ ಸಂಪರ್ಕದ ಮೇಲೆ. ಜಗ್ಗುತ್ತಾ ಶಕ್ತಿ ಕಳೆದುಕೊಂಡು ನಿಂತರೆ ಅನುಮಾನ ಡೀಸೆಲ್ ಮೇಲೆ.

ಹೊಗೆಯೂ ಸುಳಿವು ಕೊಡುತ್ತದೆ. ಕಪ್ಪು ಹೊಗೆ ಬಂದರೆ ಗಾಳಿ ಸಾಲುತ್ತಿಲ್ಲ ಅಥವಾ ಡೀಸೆಲ್ ಹೆಚ್ಚಾಗಿ ಬೀಳುತ್ತಿದೆ. ಬಿಳಿ ಹೊಗೆ ಬಂದರೆ ಡೀಸೆಲ್ ಪೂರ್ತಿ ಉರಿಯುತ್ತಿಲ್ಲ ಅಥವಾ ನೀರು ಸೇರಿದೆ. ನೀಲಿ ಹೊಗೆ ಎಂಜಿನ್ ಆಯಿಲ್ ಉರಿಯುತ್ತಿರುವುದರ ಗುರುತು. ಹೊಗೆಯೇ ಇಲ್ಲದೆ ಗಾಡಿ ಸೊರಗಿದರೆ ಎಂಜಿನ್‌ಗೆ ಡೀಸೆಲ್ ತಲುಪುತ್ತಿಲ್ಲ ಎಂದೇ ಮೊದಲು ಅಂದಾಜಿಸಬೇಕು.

ನಿಮ್ಮದು ಯಾವ ಎಂಜಿನ್?

ಹಳೆಯ ಟಾಟಾ 207 ಡಿಐ, 2005ರಲ್ಲಿ ಬಂದ ಎರಡು ಸಿಲಿಂಡರ್‌ನ ಟಾಟಾ ಏಸ್, ಹಳೆಯ ಬೊಲೆರೊ ಪಿಕಪ್ ಡಿಐ ಇವೆಲ್ಲ ಮೆಕ್ಯಾನಿಕಲ್ ಪಂಪ್‌ನ ಗಾಡಿಗಳು. ಈ ಪಂಪ್‌ಗಳನ್ನು ಗ್ಯಾರೇಜ್‌ಗಳಲ್ಲಿ ಇಂದಿಗೂ 'ಮೈಕೋ ಪಂಪ್' ಎಂದೇ ಕರೆಯುವುದುಂಟು. ಆ ಹೆಸರು ಬಂದದ್ದು ಬೆಂಗಳೂರಿನ ಆಡುಗೋಡಿಯ ಮೈಕೋ ಕಾರ್ಖಾನೆಯಿಂದ. ಕಂಪನಿಯ ಹೆಸರು 2008ರಲ್ಲಿ ಬಾಷ್ ಲಿಮಿಟೆಡ್ ಎಂದು ಬದಲಾದರೂ ಮೆಕ್ಯಾನಿಕ್‌ಗಳ ಬಾಯಲ್ಲಿ ಹಳೆಯ ಹೆಸರೇ ಉಳಿದಿದೆ.

ನಂತರ ಬಂದ ಬೊಲೆರೊ ಪಿಕಪ್‌ನ ಎಂ2ಡಿಐಸಿಆರ್ ಎಂಜಿನ್, 2011ರಲ್ಲಿ ಬಂದ ಅಶೋಕ್ ಲೇಲ್ಯಾಂಡ್ ದೋಸ್ತ್ ಕಾಮನ್‌ರೈಲ್ ಗಾಡಿಗಳು. ಇವುಗಳಲ್ಲಿ ಸೆನ್ಸರ್ ಮತ್ತು ಇಸಿಯು ಡೀಸೆಲ್ ಪ್ರಮಾಣ ನಿರ್ಧರಿಸುತ್ತವೆ. ಆರಂಭಿಕ ಪರೀಕ್ಷೆಗಳು ಎರಡಕ್ಕೂ ಒಂದೇ, ವ್ಯತ್ಯಾಸ ಬರುವುದು ನಂತರ.

ಹಂತ 1: ಗಾಳಿಯ ದಾರಿ

ಏರ್ ಫಿಲ್ಟರ್ ತೆಗೆದು ಬೆಳಕಿಗೆ ಹಿಡಿಯಿರಿ. ಬೆಳಕು ಕಾಣದಿದ್ದರೆ ಬದಲಿಸುವ ಹೊತ್ತಾಗಿದೆ. ಮೆಟ್ರೊ, ರಸ್ತೆ ಕಾಮಗಾರಿಯ ಧೂಳಿನಲ್ಲಿ ಓಡುವ ಗಾಡಿಗೆ ಕಂಪನಿ ಹೇಳಿದ ಅವಧಿಗಿಂತ ಮೊದಲೇ ಫಿಲ್ಟರ್ ಕಟ್ಟಿಕೊಳ್ಳಬಹುದು. ಟರ್ಬೊ ಇದ್ದರೆ ರಬ್ಬರ್ ಹೋಸ್‌ಗಳನ್ನು ಕೈಯಿಂದ ಮಡಚಿ ನೋಡಿ. ಸೀಳು ಇದ್ದರೆ ಅದರ ಸುತ್ತ ಎಣ್ಣೆ ಜಿಡ್ಡು ಕಾಣುತ್ತದೆ, ಏರಿನಲ್ಲಿ 'ಸುಯ್' ಎಂಬ ಸದ್ದು ಕೇಳುತ್ತದೆ.

ಹಂತ 2: ಡೀಸೆಲ್ ದಾರಿ

ಹಳೆಯ ಪಿಕಪ್‌ಗಳ ಹೆಚ್ಚಿನ ತಕರಾರು ಇಲ್ಲೇ ಇರುತ್ತದೆ. ಕ್ರಮವಾಗಿ ಹೀಗೆ ನೋಡಿ:

ಫಿಲ್ಟರ್‌ನ ನೀರು: ಫ್ಯುಯೆಲ್ ಫಿಲ್ಟರ್ ಕೆಳಗಿನ ಡ್ರೈನ್ ಸ್ಕ್ರೂ ಸಡಿಲಿಸಿ ಒಂದು ಪಾರದರ್ಶಕ ಬಾಟಲಿಗೆ ಸ್ವಲ್ಪ ಡೀಸೆಲ್ ಬಿಡಿ. ಹತ್ತು ನಿಮಿಷ ಬಿಟ್ಟರೆ ನೀರು ತಳಕ್ಕೆ ಇಳಿದು ಬೇರೆಯಾಗಿ ಕಾಣುತ್ತದೆ. ನೀರು ಪದೇ ಪದೇ ಬಂದರೆ ಟ್ಯಾಂಕ್ ಇಳಿಸಿ ತೊಳೆಸುವುದೇ ದಾರಿ. ಬಂಕ್‌ನಲ್ಲಿ ಡೀಸೆಲ್‌ನ ಸಾಂದ್ರತೆ ಪರೀಕ್ಷಿಸಿ ತೋರಿಸುವಂತೆ ಕೇಳುವ ಹಕ್ಕು ಗ್ರಾಹಕರಿಗಿದೆ ಎಂಬುದೂ ನೆನಪಿರಲಿ.

ಟ್ಯಾಂಕ್ ಮುಚ್ಚಳ: ಗಾಡಿ ನಿಂತ ಕೂಡಲೇ ಟ್ಯಾಂಕ್ ಮುಚ್ಚಳ ತೆರೆಯಿರಿ. ಗಾಳಿ 'ಉಸ್' ಎಂದು ಒಳಗೆ ಎಳೆದುಕೊಂಡು, ನಂತರ ಗಾಡಿ ಸಲೀಸಾಗಿ ಓಡಿದರೆ ಗಾಳಿಕಿಂಡಿ ಕಟ್ಟಿದೆ ಎಂದರ್ಥ. ಐದು ನಿಮಿಷದ ಕೆಲಸಕ್ಕೆ ಪಂಪ್ ಬಿಚ್ಚಿಸುವುದು ಬೇಡ.

ಏರ್ ಹಿಡಿಯುವುದು: ಟ್ಯಾಂಕ್‌ನಿಂದ ಪಂಪ್‌ವರೆಗಿನ ಪೈಪ್‌ನಲ್ಲಿ ಸಣ್ಣ ಬಿರುಕಿದ್ದರೂ ಡೀಸೆಲ್ ಹೊರಗೆ ಸೋರದೆ ಗಾಳಿ ಒಳಗೆ ಸೇರಬಹುದು. ರಾತ್ರಿ ನಿಂತ ಗಾಡಿ ಬೆಳಿಗ್ಗೆ ಸ್ಟಾರ್ಟ್ ಆಗಲು ಸತಾಯಿಸಿದರೆ, ಹ್ಯಾಂಡ್ ಪಂಪ್ ಒತ್ತಿದ ಮೇಲೆ ಸರಿಹೋದರೆ ಇದೇ ಕಾರಣವಿರಬಹುದು. ಫಿಲ್ಟರ್ ಬಳಿ ಸ್ವಲ್ಪ ಉದ್ದದ ಪಾರದರ್ಶಕ ಪೈಪ್ ಹಾಕಿ ಓಡಿಸಿದರೆ ಗುಳ್ಳೆಗಳು ಕಣ್ಣಿಗೇ ಕಾಣುತ್ತವೆ.

ಕ್ಯಾನ್ ಪರೀಕ್ಷೆ: ಮೇಲಿನದ್ಯಾವುದೂ ಸ್ಪಷ್ಟವಾಗದಿದ್ದರೆ ಮೆಕ್ಯಾನಿಕ್‌ಗೆ ಹೇಳಿ ಶುದ್ಧ ಡೀಸೆಲ್ ಇರುವ ಕ್ಯಾನ್‌ನಿಂದ ನೇರವಾಗಿ ಫಿಲ್ಟರ್‌ಗೆ ಸಂಪರ್ಕ ಕೊಡಿಸಿ. ಗಾಡಿ ಸರಿಯಾಗಿ ಓಡಿದರೆ ದೋಷ ಟ್ಯಾಂಕ್, ಅದರೊಳಗಿನ ಜಾಲರಿ ಅಥವಾ ಪೈಪ್‌ನಲ್ಲಿದೆ. ಆಗಲೂ ಜಗ್ಗಿದರೆ ದೋಷ ಅಲ್ಲಿಂದ ಮುಂದಿದೆ. ಈ ಒಂದು ಪರೀಕ್ಷೆಯಿಂದ ಹುಡುಕಾಟ ಅರ್ಧಕ್ಕೆ ಇಳಿಯುತ್ತದೆ.

ಎಚ್ಚರಿಕೆ: ಕಾಮನ್‌ರೈಲ್ ಎಂಜಿನ್‌ನಲ್ಲಿ ಡೀಸೆಲ್ ಒತ್ತಡ 1,000 ಬಾರ್ ಮೀರಬಲ್ಲದು. ಎಂಜಿನ್ ಓಡುತ್ತಿರುವಾಗ ರೈಲ್ ಅಥವಾ ಇಂಜೆಕ್ಟರ್ ಪೈಪ್‌ನ ನಟ್ ಸಡಿಲಿಸಬಾರದು, ಸೋರಿಕೆಯನ್ನು ಕೈಯಿಂದ ಮುಟ್ಟಿ ನೋಡಬಾರದು. ಆ ಒತ್ತಡದ ಡೀಸೆಲ್ ಚರ್ಮ ಸೀಳಿ ಒಳಗೆ ಹೋಗುತ್ತದೆ.

ಹಂತ 3: ಬ್ಯಾಟರಿ, ಅರ್ಥ್, ವೈರಿಂಗ್

ಮಲ್ಟಿಮೀಟರ್ ಒಂದಿದ್ದರೆ ಸಾಕು. ಎಂಜಿನ್ ನಿಂತಿರುವಾಗ ಚಾರ್ಜ್ ತುಂಬಿದ ಬ್ಯಾಟರಿ ಸುಮಾರು 12.6 ವೋಲ್ಟ್ ತೋರಿಸಬೇಕು. ಎಂಜಿನ್ ಓಡುವಾಗ ಅದು 13.8ರಿಂದ 14.4ರ ಆಸುಪಾಸಿನಲ್ಲಿರಬೇಕು. ಕಡಿಮೆಯಿದ್ದರೆ ಆಲ್ಟರ್ನೇಟರ್ ಅಥವಾ ಬೆಲ್ಟ್ ನೋಡಬೇಕು. ಸ್ಟಾರ್ಟರ್ ತಿರುಗುವಾಗ ಎಂಜಿನ್ ಬ್ಲಾಕ್ ಮತ್ತು ಬ್ಯಾಟರಿಯ ನೆಗೆಟಿವ್ ಟರ್ಮಿನಲ್ ನಡುವೆ ಅರ್ಧ ವೋಲ್ಟ್‌ಗಿಂತ ಹೆಚ್ಚು ವ್ಯತ್ಯಾಸ ಬಂದರೆ ಅರ್ಥ್ ಕೇಬಲ್ ಸರಿಯಿಲ್ಲ. ಖಾಡಿ ಬದಿಯ ಗಾಡಿಗಳಲ್ಲಿ ಇದನ್ನು ಮರೆಯದೆ ನೋಡಬೇಕು.

ಮೆಕ್ಯಾನಿಕಲ್ ರೋಟರಿ ಪಂಪ್‌ನ ಗಾಡಿಗಳಲ್ಲಿ ಡೀಸೆಲ್ ನಿಲ್ಲಿಸುವ ಸ್ಟಾಪ್ ಸೊಲೆನಾಯ್ಡ್ ಇರುತ್ತದೆ. ಅದರ ವೈರ್ ಸಡಿಲವಾಗಿದ್ದರೆ ಗುಂಡಿಗೆ ಬಿದ್ದಾಗ ಗಾಡಿ ಥಟ್ಟನೆ ನಿಲ್ಲುತ್ತದೆ. ಎಂಜಿನ್ ಐಡ್ಲಿಂಗ್‌ನಲ್ಲಿರುವಾಗ ಆ ವೈರನ್ನು ಮೆಲ್ಲಗೆ ಅಲುಗಾಡಿಸಿ. ಎಂಜಿನ್ ನಿಂತರೆ ಕಳ್ಳ ಸಿಕ್ಕಂತೆ.

ಕಾಮನ್‌ರೈಲ್ ಗಾಡಿಗಳಲ್ಲಿ ಕ್ರ್ಯಾಂಕ್ ಸೆನ್ಸರ್ ಅನುಮಾನಾಸ್ಪದ. ಎಂಜಿನ್ ಕಾದಾಗ ಇದು ಕೈಕೊಟ್ಟು, ತಣ್ಣಗಾದಾಗ ಮತ್ತೆ ಕೆಲಸ ಮಾಡಬಹುದು. ನಾಕಾದ ಸಾಲಿನಲ್ಲಿ ನಿಂತ ಗಾಡಿ ಅರ್ಧ ಗಂಟೆ ಬಿಟ್ಟು ತಾನೇ ಸ್ಟಾರ್ಟ್ ಆಗುವುದಕ್ಕೆ ಇದು ಒಂದು ಮುಖ್ಯ ಕಾರಣ. ಗ್ಯಾರೇಜ್ ತಲುಪುವಷ್ಟರಲ್ಲಿ ಗಾಡಿ ಸರಿಯಿರುವುದರಿಂದ ದೋಷ ಸಿಗುವುದೇ ಇಲ್ಲ.

ಹಂತ 4: ಸ್ಕ್ಯಾನರ್ ಹಚ್ಚಿ, ಆದರೆ ಕುರುಡಾಗಿ ನಂಬಬೇಡಿ

ಕಾಮನ್‌ರೈಲ್ ಗಾಡಿಗೆ ಸ್ಕ್ಯಾನರ್ ಹಚ್ಚಿದಾಗ ದೋಷ ಸಂಕೇತಗಳು ಬರುತ್ತವೆ. ಪಿ0335 ಬಂದರೆ ಕ್ರ್ಯಾಂಕ್ ಸೆನ್ಸರ್ ಸರ್ಕ್ಯೂಟ್, ಪಿ0087 ಬಂದರೆ ರೈಲ್ ಒತ್ತಡ ಕಡಿಮೆ, ಪಿ0401 ಬಂದರೆ ಇಜಿಆರ್ ಹರಿವು ಸಾಲದು ಎಂದರ್ಥ. ಆದರೆ ಸಂಕೇತ ತೋರಿಸುವುದು ದೋಷದ ಜಾಗವನ್ನು, ಹಾಳಾದ ಬಿಡಿಭಾಗವನ್ನಲ್ಲ. ರೈಲ್ ಒತ್ತಡ ಕಡಿಮೆ ಎಂದು ಬಂದ ಮಾತ್ರಕ್ಕೆ ಹೈ ಪ್ರೆಷರ್ ಪಂಪ್ ಹೋಗಿದೆ ಎನ್ನಲಾಗದು. ಕಟ್ಟಿದ ಡೀಸೆಲ್ ಫಿಲ್ಟರ್ ಕೂಡ ಅದೇ ಸಂಕೇತ ಕೊಡುತ್ತದೆ. ಹಂತ 2 ಮುಗಿಸಿಯೇ ಇಲ್ಲಿಗೆ ಬರಬೇಕು ಎನ್ನುವುದು ಇದೇ ಕಾರಣಕ್ಕೆ.

ಇಜಿಆರ್ ವಾಲ್ವ್ ಮಸಿಯಿಂದ ತೆರೆದ ಸ್ಥಿತಿಯಲ್ಲೇ ಸಿಕ್ಕಿಕೊಂಡರೆ ಕಪ್ಪು ಹೊಗೆ, ಐಡ್ಲಿಂಗ್‌ನಲ್ಲಿ ನಡುಕ, ಪಿಕಪ್ ಇಲ್ಲದಿರುವುದು ಎಲ್ಲವೂ ಒಟ್ಟಿಗೆ ಬರುತ್ತವೆ. ಬಿಚ್ಚಿ ಸ್ವಚ್ಛಗೊಳಿಸಿದರೆ ಸಾಕಾಗಬಹುದು. ಅದನ್ನು ತಗಡು ಹಾಕಿ ಮುಚ್ಚಿಸುವುದು ಪರಿಹಾರವಲ್ಲ, ಹೊಗೆ ನಿಯಮದ ಉಲ್ಲಂಘನೆ.

ಹಂತ 5: ಇಂಜೆಕ್ಟರ್, ಪಂಪ್, ಕಂಪ್ರೆಷನ್

ಇಷ್ಟಾದರೂ ಗಾಡಿ ಜಗ್ಗಿದರೆ ಮಾತ್ರ ದೊಡ್ಡ ಕೆಲಸ. ಕಾಮನ್‌ರೈಲ್‌ನಲ್ಲಿ ಇಂಜೆಕ್ಟರ್‌ಗಳ ಬ್ಯಾಕ್ ಲೀಕ್ ಪರೀಕ್ಷೆ ಮಾಡಿಸಬೇಕು. ಪ್ರತಿ ಇಂಜೆಕ್ಟರ್‌ನಿಂದ ವಾಪಸ್ ಬರುವ ಡೀಸೆಲ್ ಅನ್ನು ಒಂದೊಂದು ಬಾಟಲಿಯಲ್ಲಿ ಹಿಡಿಯುತ್ತಾರೆ. ಯಾವ ಬಾಟಲಿ ಉಳಿದವುಗಳಿಗಿಂತ ಬಹಳ ಬೇಗ ತುಂಬುತ್ತದೋ ಆ ಇಂಜೆಕ್ಟರ್ ಸವೆದಿದೆ. ಒಂದು ಕೆಟ್ಟರೆ ನಾಲ್ಕನ್ನೂ ಬದಲಿಸಬೇಕೆಂದಿಲ್ಲ.

ಹಳೆಯ ಡಿಐ ಗಾಡಿಗಳಲ್ಲಿ ಪಂಪ್ ಮತ್ತು ನಾಝಲ್‌ಗಳನ್ನು ಟೆಸ್ಟ್ ಬೆಂಚ್ ಇರುವ ಪಂಪ್ ರೂಮ್‌ನಲ್ಲೇ ಪರೀಕ್ಷಿಸಬೇಕು. ಅದಕ್ಕೂ ಮೊದಲು ವಾಲ್ವ್ ಕ್ಲಿಯರೆನ್ಸ್ ಮತ್ತು ಕಂಪ್ರೆಷನ್ ನೋಡಿಸುವುದು ಜಾಣತನ. ಎಂಜಿನ್ ಒಳಗೇ ಸವೆದಿದ್ದರೆ ಹೊಸ ನಾಝಲ್ ಹಾಕಿಸಿದ ದುಡ್ಡು ದಂಡ. ಗೇಜ್ ಹಾಕಿ ಬಂದ ಅಂಕಿಯನ್ನು ಪ್ರತಿ ಸಿಲಿಂಡರ್‌ಗೂ ಬರೆಸಿಕೊಳ್ಳಿ.

ಸಿಎನ್‌ಜಿ ಪಿಕಪ್ ಆದರೆ?

ಸಿಎನ್‌ಜಿ ಗಾಡಿಯಲ್ಲಿ ಮೊದಲು ನೋಡಬೇಕಾದದ್ದು ಸ್ಪಾರ್ಕ್ ಪ್ಲಗ್, ಇಗ್ನಿಷನ್ ಕಾಯಿಲ್, ಥ್ರಾಟಲ್ ಬಾಡಿ ಮತ್ತು ಗ್ಯಾಸ್ ಫಿಲ್ಟರ್. ಪೆಟ್ರೋಲ್‌ನಲ್ಲೂ ಓಡುವ ಗಾಡಿಯಾದರೆ ಪರೀಕ್ಷೆ ಸುಲಭ. ಪೆಟ್ರೋಲ್‌ನಲ್ಲಿ ಸರಿ, ಗ್ಯಾಸ್‌ನಲ್ಲಿ ಜರ್ಕ್ ಎಂದಾದರೆ ರೆಗ್ಯುಲೇಟರ್ ಅಥವಾ ಗ್ಯಾಸ್ ಫಿಲ್ಟರ್ ನೋಡಬೇಕು. ಆದರೆ ಸೊರಗಿದ ಪ್ಲಗ್ ಕೂಡ ಗ್ಯಾಸ್‌ನಲ್ಲೇ ಮೊದಲು ಬಯಲಾಗುವುದರಿಂದ ಅದನ್ನು ಬದಲಿಸಿಯೇ ಮುಂದುವರಿಯಿರಿ. ಗ್ಯಾಸ್ ಲೈನ್ ಅನ್ನು ಅಧಿಕೃತ ಕೇಂದ್ರದಲ್ಲೇ ಬಿಚ್ಚಿಸಬೇಕು. ಸಿಲಿಂಡರ್‌ಗೆ ಮೂರು ವರ್ಷಕ್ಕೊಮ್ಮೆ ಹೈಡ್ರೊ ಟೆಸ್ಟ್ ಕಡ್ಡಾಯ.

ಹೆದ್ದಾರಿ ಮಧ್ಯೆ ನಿಂತರೆ ಏನು ಮಾಡಬೇಕು?

ಎಂಜಿನ್ ನಿಂತ ಕೂಡಲೇ ಪವರ್ ಸ್ಟೀರಿಂಗ್ ಇದ್ದರೆ ಅದು ಬಿಗಿಯಾಗುತ್ತದೆ. ಬ್ರೇಕ್‌ಗೆ ವ್ಯಾಕ್ಯೂಮ್ ಸಹಾಯವೂ ತಪ್ಪುತ್ತದೆ. ಎರಡು ಮೂರು ಬಾರಿ ಒತ್ತಿದ ಮೇಲೆ ಪೆಡಲ್ ಕಲ್ಲಿನಂತಾಗುತ್ತದೆ. ಹಾಗಾಗಿ ಬ್ರೇಕ್ ಅನ್ನು ಪಂಪ್ ಮಾಡದೆ ಒಮ್ಮೆಲೇ ಗಟ್ಟಿಯಾಗಿ ಹಿಡಿದು, ಗಾಡಿಯ ವೇಗ ಇರುವಾಗಲೇ ಎಡಬದಿಗೆ ತನ್ನಿ. ಏರಿನಲ್ಲಿ ನಿಂತರೆ ಹ್ಯಾಂಡ್‌ಬ್ರೇಕ್ ಎಳೆದು ಚಕ್ರಕ್ಕೆ ಕಲ್ಲು ಕೊಡಿ. ಹಜಾರ್ಡ್ ಲೈಟ್ ಹಾಕಿ, ಹಿಂದೆ ಸಾಕಷ್ಟು ದೂರದಲ್ಲಿ ತ್ರಿಕೋನ ಫಲಕ ಇಡಿ. ಸ್ಟಾರ್ಟರ್ ಅನ್ನು ಒಮ್ಮೆಗೆ 10 ಸೆಕೆಂಡ್‌ಗಿಂತ ಹೆಚ್ಚು ತಿರುಗಿಸಬೇಡಿ.

ದಹಿಸರ್ ದಾಟಿ ರಾಷ್ಟ್ರೀಯ ಹೆದ್ದಾರಿಯಲ್ಲಿ ಸಿಕ್ಕಿಕೊಂಡರೆ 1033 ಸಹಾಯವಾಣಿಗೆ ಕರೆ ಮಾಡಬಹುದು. ತುರ್ತು ಸಂದರ್ಭದಲ್ಲಿ 112 ಇದೆ. ಮಳೆಗಾಲದಲ್ಲಿ ನೀರು ತುಂಬಿದ ರಸ್ತೆಯಲ್ಲಿ ಗಾಡಿ ನಿಂತರೆ ಮತ್ತೆ ಸ್ಟಾರ್ಟ್ ಮಾಡಲೇಬಾರದು. ಸಿಲಿಂಡರ್‌ಗೆ ನೀರು ಹೋಗಿದ್ದರೆ ಕನೆಕ್ಟಿಂಗ್ ರಾಡ್ ಬಾಗಿ ಎಂಜಿನ್ನೇ ಹೋಗುತ್ತದೆ.

ಫಿಟ್‌ನೆಸ್ ಮತ್ತು ಪಿಯುಸಿ ಮರೆಯಬೇಡಿ

ಎಂಟು ವರ್ಷ ದಾಟಿದ ಸರಕು ವಾಹನದ ಫಿಟ್‌ನೆಸ್ ಪ್ರಮಾಣಪತ್ರವನ್ನು ಪ್ರತಿ ವರ್ಷ ನವೀಕರಿಸಬೇಕು. ಬಿಎಸ್-4ಕ್ಕಿಂತ ಹಳೆಯ ಗಾಡಿಗೆ ಆರು ತಿಂಗಳಿಗೊಮ್ಮೆ, ಬಿಎಸ್-4 ಮತ್ತು ನಂತರದ ಗಾಡಿಗೆ ವರ್ಷಕ್ಕೊಮ್ಮೆ ಪಿಯುಸಿ ಬೇಕು. ಜರ್ಕ್ ಹೊಡೆದು ಕಪ್ಪು ಹೊಗೆ ಬಿಡುವ ಗಾಡಿ ಇವೆರಡರಲ್ಲೂ ಸಿಕ್ಕಿಬೀಳುತ್ತದೆ. ದೋಷವನ್ನು ಫಿಟ್‌ನೆಸ್ ದಿನಾಂಕಕ್ಕೆ ಮೊದಲೇ ಸರಿಪಡಿಸಿದರೆ ಗಾಡಿ ಮನೆ ಮುಂದೆ ನಿಲ್ಲುವ ದಿನಗಳು ಕಡಿಮೆಯಾಗುತ್ತವೆ.

ಗ್ಯಾರೇಜ್‌ಗೆ ಹೋದಾಗ 'ಗಾಡಿ ಎಳೀತಿಲ್ಲ' ಎಂದಷ್ಟೇ ಹೇಳಬೇಡಿ. ಬರೆದಿಟ್ಟ ಲಕ್ಷಣ, ಮಾಡಿದ ಪರೀಕ್ಷೆ, ಬಂದ ಅಂಕಿ ಮೂರನ್ನೂ ಮುಂದಿಡಿ. ಯಾವುದೇ ಬಿಡಿಭಾಗ ಬದಲಿಸುವ ಮುನ್ನ ಅದು ಕೆಟ್ಟಿದೆ ಎಂದು ಯಾವ ಪರೀಕ್ಷೆಯಿಂದ ಗೊತ್ತಾಯಿತು ಎಂದು ಕೇಳಿ. ತೆಗೆದ ಹಳೆಯ ಭಾಗವನ್ನು ವಾಪಸ್ ಪಡೆಯಿರಿ. ಒಮ್ಮೆಗೆ ಒಂದನ್ನೇ ಬದಲಿಸಿ, ಲೋಡ್ ಹಾಕಿ ಓಡಿಸಿ ನೋಡಿ, ಆಮೇಲೆ ಮುಂದಿನದಕ್ಕೆ ಕೈ ಹಾಕಿಸಿ.