ಉಪಧೆ, ದಿವ್ಯ ಮತ್ತು ಪಾಲಿಗ್ರಾಫ್

ವಿರಾಜಪೇಟೆಯಿಂದ ಇರಿಟ್ಟಿಯತ್ತ ಇಳಿಯುವ ಘಟ್ಟದ ದಾರಿಯಲ್ಲಿ, ಕೇರಳದ ಗಡಿಗೆ ತಾಗಿಕೊಂಡು ಮಾಕುಟ್ಟವಿದೆ. ಸುತ್ತಲೂ ದಟ್ಟ ಕಾಡು, ನಡುವೆ ತಪಾಸಣಾ ಠಾಣೆ. ಹಾದುಹೋಗುವವರನ್ನು ಕಾವಲಿನವನು ಪರೀಕ್ಷಿಸುತ್ತಾನೆ. ಕಾವಲಿನವನನ್ನು ನೇಮಿಸುವ ಮುನ್ನ ಅವನನ್ನು ಪರೀಕ್ಷಿಸುವುದು ಹೇಗೆ? ರಾಜ್ಯಶಾಸ್ತ್ರದ ಅತ್ಯಂತ ಹಳೆಯ ಪ್ರಶ್ನೆಗಳಲ್ಲಿ ಇದೂ ಒಂದು.

ಇದಕ್ಕೆ ಕೌಟಿಲ್ಯನ ಉತ್ತರ ಅರ್ಥಶಾಸ್ತ್ರದ ಮೊದಲ ಅಧಿಕರಣದಲ್ಲಿದೆ. ಆ ಗ್ರಂಥದ ಹಸ್ತಪ್ರತಿಯನ್ನು 1905ರಲ್ಲಿ ಬೆಳಕಿಗೆ ತಂದು 1909ರಲ್ಲಿ ಪ್ರಕಟಿಸಿದವರು ಮೈಸೂರಿನ ಪ್ರಾಚ್ಯ ಗ್ರಂಥಾಲಯದ ಆರ್. ಶಾಮಶಾಸ್ತ್ರಿಗಳೆಂಬುದು ನಮ್ಮ ವಿದ್ಯಾರ್ಥಿಗಳಿಗೆ ನೆನಪಿರಬೇಕು. ಅಮಾತ್ಯರ ಶುದ್ಧಿಯನ್ನು ಅರಿಯಲು ಅಲ್ಲಿ ನಾಲ್ಕು ಉಪಧೆಗಳನ್ನು, ಅಂದರೆ ಗುಪ್ತ ಪ್ರಲೋಭನೆಗಳನ್ನು ಹೇಳಿದೆ: ಧರ್ಮ, ಅರ್ಥ, ಕಾಮ, ಭಯ. ಪದಚ್ಯುತನಂತೆ ನಟಿಸುವ ಪುರೋಹಿತ ಅಧಾರ್ಮಿಕನಾದ ರಾಜನನ್ನು ತೆಗೆದುಹಾಕೋಣವೆಂದು ಗುಟ್ಟಾಗಿ ಹೇಳಿಕಳಿಸುತ್ತಾನೆ. ಸೇನಾಪತಿ ಹಣದ ಆಸೆ ತೋರಿಸುತ್ತಾನೆ. ಪರಿವ್ರಾಜಿಕೆಯೊಬ್ಬಳು ರಾಣಿ ನಿನ್ನನ್ನು ಬಯಸಿದ್ದಾಳೆಂದು ಪಿಸುಗುಟ್ಟುತ್ತಾಳೆ. ಸೆರೆಗೆ ಬಿದ್ದು ಅಂಜಿದವನಿಗೆ ಬಂಡಾಯದ ಮಾತು ತಲುಪುತ್ತದೆ. ಧರ್ಮದಲ್ಲಿ ಗೆದ್ದವನಿಗೆ ನ್ಯಾಯದ ಕೆಲಸ, ಅರ್ಥದಲ್ಲಿ ಗೆದ್ದವನಿಗೆ ಬೊಕ್ಕಸ, ಕಾಮದಲ್ಲಿ ಗೆದ್ದವನಿಗೆ ವಿಹಾರಸ್ಥಾನಗಳ ರಕ್ಷಣೆ, ಭಯದಲ್ಲಿ ಗೆದ್ದವನಿಗೆ ರಾಜನ ಸಮೀಪದ ಕಾರ್ಯ. ಎಲ್ಲದರಲ್ಲಿಯೂ ಶುದ್ಧನಾದವನು ಮಂತ್ರಿ. ಎಲ್ಲದರಲ್ಲಿಯೂ ಸೋತವರನ್ನು ಗಣಿಗಳಿಗೂ ಕಾಡುಗಳಿಗೂ ಆನೆಯ ವನಗಳಿಗೂ ಕಳಿಸಬೇಕಂತೆ! ಕೊಡಗಿನ ಅರಣ್ಯ ಸಿಬ್ಬಂದಿ ಈ ಮಾತನ್ನು ಒಪ್ಪಲಾರರು.

ಹತ್ತನೆಯ ಶತಮಾನದಲ್ಲಿ ವೇಮುಲವಾಡದ ಚಾಲುಕ್ಯರ ನಾಡಿನಲ್ಲಿದ್ದ ಜೈನಾಚಾರ್ಯ ಸೋಮದೇವಸೂರಿಯು ನೀತಿವಾಕ್ಯಾಮೃತದಲ್ಲಿ ಈ ಪರಂಪರೆಯನ್ನು ಮುಂದುವರಿಸಿದನು. ಇಷ್ಟಾದರೂ ಈ ಪರೀಕ್ಷೆಯ ಅಪಾಯವನ್ನು ಮೊದಲು ಕಂಡವನು ಕೌಟಿಲ್ಯನೇ. ರಾಜನನ್ನಾಗಲಿ ರಾಣಿಯನ್ನಾಗಲಿ ಪರೀಕ್ಷೆಯ ಗುರಿಯಾಗಿಸಬಾರದು. ಕೆಡದವನನ್ನು ಕೆಡಿಸಿದರೆ ಅದು ನೀರಿಗೆ ವಿಷ ಬೆರೆಸಿದಂತೆ, ಮತ್ತೆ ಮದ್ದು ಸಿಗದೆಯೂ ಹೋಗಬಹುದು ಎಂಬುದು ಅವನ ಎಚ್ಚರಿಕೆ.

ಇದಕ್ಕಿಂತ ಬೇರೆಯದು ದಿವ್ಯ. ಕಲ್ಯಾಣದ ಆರನೆಯ ವಿಕ್ರಮಾದಿತ್ಯನ ಆಶ್ರಯದಲ್ಲಿ ವಿಜ್ಞಾನೇಶ್ವರನು ರಚಿಸಿದ ಮಿತಾಕ್ಷರಾ ವ್ಯಾಖ್ಯಾನವು ತುಲಾ, ಅಗ್ನಿ, ಜಲ, ವಿಷ, ಕೋಶ ಎಂಬ ದಿವ್ಯಗಳನ್ನು ವಿವರಿಸುತ್ತದೆ. ಅಗ್ನಿದಿವ್ಯದಲ್ಲಿ ಏಳು ಅರಳಿ ಎಲೆಗಳ ಮೇಲೆ ಕಾದ ಕಬ್ಬಿಣವನ್ನು ಹಿಡಿದು ಏಳು ಮಂಡಲಗಳನ್ನು ದಾಟಬೇಕು. ಅನಂತರ ಅಂಗೈ ಸುಟ್ಟಿದೆಯೇ ಎಂದು ನೋಡುತ್ತಾರೆ. ಉಪಧೆ ನೋಡುವುದು ನಡತೆಯನ್ನು, ದಿವ್ಯ ಕೇಳುವುದು ದೇಹದ ಸಾಕ್ಷ್ಯವನ್ನು. ಉಪಧೆ ನೇಮಕಗೊಳ್ಳುವವನಿಗೆ, ದಿವ್ಯ ಆರೋಪಕ್ಕೆ ಗುರಿಯಾದವನಿಗೆ.

ಪಾಲಿಗ್ರಾಫ್ ಯಂತ್ರವು ಈ ಭೇದವನ್ನು ಅಳಿಸಿತು. ಉಸಿರು, ರಕ್ತದೊತ್ತಡ, ಚರ್ಮದ ಬೆವರು ಇವುಗಳ ಏರಿಳಿತವನ್ನು ದಾಖಲಿಸುವ ಈ ಸಾಧನವನ್ನು 1921ರಲ್ಲಿ ಬರ್ಕ್ಲಿಯ ಪೊಲೀಸ್ ಇಲಾಖೆಯಲ್ಲಿ ಜಾನ್ ಲಾರ್ಸನ್ ರೂಪಿಸಿದ್ದು ಅಪರಾಧ ತನಿಖೆಗೆ. ಅಮೆರಿಕದ ಗುಪ್ತಚರ ಸಂಸ್ಥೆಗಳು ಅದನ್ನು ಉದ್ಯೋಗಾಕಾಂಕ್ಷಿಗಳ ಮೇಲೆ ತಿರುಗಿಸಿದವು. 1988ರ ಕಾಯಿದೆ ಅಲ್ಲಿನ ಬಹುತೇಕ ಖಾಸಗಿ ಉದ್ಯೋಗದಾತರಿಗೆ ಇದನ್ನು ನಿಷೇಧಿಸಿತು. ಸರ್ಕಾರ ತನಗೆ ಮಾತ್ರ ವಿನಾಯಿತಿ ಇಟ್ಟುಕೊಂಡಿತು. ಸೋವಿಯತ್ ಒಕ್ಕೂಟಕ್ಕೆ ರಹಸ್ಯಗಳನ್ನು ಮಾರಿದ ಸಿಐಎ ಅಧಿಕಾರಿ ಆಲ್ಡ್ರಿಚ್ ಏಮ್ಸ್ 1986ರಲ್ಲಿಯೂ 1991ರಲ್ಲಿಯೂ ಈ ಪರೀಕ್ಷೆಯನ್ನು ದಾಟಿದ್ದನು. ಅಂಜುವ ನಿರಪರಾಧಿಯ ಬೆವರನ್ನೂ ಅಪರಾಧಿಯ ಬೆವರನ್ನೂ ಯಂತ್ರ ಬೇರ್ಪಡಿಸಲಾರದು.

ನಮ್ಮಲ್ಲಿ ಈ ಯಂತ್ರಕ್ಕೆ ಎಲ್ಲೆ ಹಾಕಿದ್ದು ಕರ್ನಾಟಕದಿಂದ ಹೋದ ಮೊಕದ್ದಮೆಯೇ. 2010ರ ಮೇ 5ರಂದು ಸೆಲ್ವಿ ವಿರುದ್ಧ ಕರ್ನಾಟಕ ರಾಜ್ಯ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು, ಸಮ್ಮತಿಯಿಲ್ಲದೆ ನಡೆಸುವ ಪಾಲಿಗ್ರಾಫ್, ಮಂಪರು ಪರೀಕ್ಷೆ ಮತ್ತು ಮಿದುಳಿನ ಪರೀಕ್ಷೆಗಳು ಸಂವಿಧಾನದ 20(3) ಮತ್ತು 21ನೆಯ ವಿಧಿಗಳಿಗೆ ವಿರುದ್ಧವೆಂದು ತೀರ್ಪಿತ್ತಿತು. ಆದರೆ ಅದು ಮುಖ್ಯವಾಗಿ ಅಪರಾಧ ತನಿಖೆಯನ್ನು ಕುರಿತದ್ದು. ಕೆಲಸ ಬೇಡಿ ಬಂದವನ ಸಮ್ಮತಿ ಎಷ್ಟರಮಟ್ಟಿಗೆ ಸ್ವತಂತ್ರವಾದದ್ದು? ಬೇಡವೆಂದರೆ ಕೆಲಸವೇ ಇಲ್ಲ.

ಕೊಡಗಿನ ತರುಣರಿಗೆ ಹೆಚ್ಚು ಪರಿಚಿತವಾದದ್ದು ಇನ್ನೊಂದು ದಾರಿ, ಸೇನಾಧಿಕಾರಿಗಳ ಆಯ್ಕೆ ಮಂಡಳಿಯ ಮನಃಶಾಸ್ತ್ರೀಯ ಪರೀಕ್ಷೆ. ಚಿತ್ರ ನೋಡಿ ಕಥೆ ಬರೆಯುವುದು, ಒಂದೊಂದು ಪದಕ್ಕೂ ಹದಿನೈದು ಸೆಕೆಂಡಿನಲ್ಲಿ ವಾಕ್ಯ ಬರೆಯುವುದು, ಗುಂಪಿನೊಡನೆ ಕೆಲಸ ಮಾಡುವುದು. ಇಲ್ಲಿ ನೋಡುವುದು ನಾಡಿಯನ್ನಲ್ಲ, ನಡತೆಯನ್ನು. ಈ ಕಾರಣದಿಂದ ಇದು ದಿವ್ಯಕ್ಕಿಂತ ಉಪಧೆಗೆ ಹತ್ತಿರವೆಂದು ನನ್ನ ಅಭಿಪ್ರಾಯ. ಆದರೆ ಇದರಲ್ಲಿ ಕೌಟಿಲ್ಯನ ವಂಚನೆಯಿಲ್ಲ.

ಪರೀಕ್ಷಿಸುವವರನ್ನು ಪರೀಕ್ಷಿಸುವವರು ಯಾರೆಂಬುದು ಮಾತ್ರ ಉಳಿಯುತ್ತದೆ. 2021ರ ಅಕ್ಟೋಬರ್‌ನಲ್ಲಿ ರಾಜ್ಯದ 545 ಪೊಲೀಸ್ ಸಬ್ ಇನ್ಸ್‌ಪೆಕ್ಟರ್ ಹುದ್ದೆಗಳಿಗೆ ನಡೆದ ಲಿಖಿತ ಪರೀಕ್ಷೆಯಲ್ಲಿ ಅಕ್ರಮ ಬಯಲಾಗಿ, ನೇಮಕಾತಿ ವಿಭಾಗದ ಮುಖ್ಯಸ್ಥರಾಗಿದ್ದ ಅಧಿಕಾರಿಯೇ ಬಂಧಿತರಾದರು. ಮರುಪರೀಕ್ಷೆ ನಡೆದದ್ದು 2024ರ ಜನವರಿಯಲ್ಲಿ.